ಕಾರಿಗಿಂತ ಮೊದಲೇ ಹೊರಟ ಕೀ

ನೆರೆದಿರುವ ಮಿತ್ರಮಹಾಶಯರೇ, ಗದ್ದಲ ನಿಲ್ಲಿಸಿ ನನ್ನ ಗೋಳು ಕೇಳಿ! ನಾಳೆ ಭಾನುವಾರ ಅರಸೀಕೆರೆಯಿಂದ ನಾನೇ ಕಾರು ಓಡಿಸಿಕೊಂಡು ಹೋಗಿ ಆಗುಂಬೆಯ ಮಳೆಕಾಡು ನೋಡಬೇಕು, ಸೋಮವಾರ ಬೆಳಿಗ್ಗೆ ನೇತ್ರಾಣಿಯ ಹವಳದ ದಿಬ್ಬಕ್ಕೆ ದೋಣಿ ಹತ್ತಬೇಕು. ದೋಣಿ ನನಗಾಗಿ ಕಾಯುವುದಿಲ್ಲ!

ಇವತ್ತು ಸಂಜೆ ನೋಡಿದರೆ ಕಾರಿನ ಕೀ ಮಾಯ. ಇರುವುದು ಅದೊಂದೇ.

ಅಮ್ಮ ಶಾಂತವಾಗಿ ಹೇಳಿದರು: "ಭಾನುವಾರ ಪಶ್ಚಿಮಕ್ಕೆ ಹೊರಡಬಾರದು ಕಣೋ. ಅದಕ್ಕೇ ಇವತ್ತೇ ಒಳ್ಳೇ ಗಳಿಗೇಲಿ ನಿನ್ನ ಬ್ಯಾಗನ್ನ ಎದುರುಮನೆ ರಾಜಮ್ಮನ ಹತ್ರ ಇಟ್ಟುಬಂದೆ. ಅಲ್ಲಿಗೆ ನೀನು ಹೊರಟ ಹಾಗೇ ಲೆಕ್ಕ."

"ಸರಿ, ಕೀ ಎಲ್ಲಮ್ಮ?"

"ಬರೀ ಬಟ್ಟೆ ಇಟ್ರೆ ಕಾರು ಹೊರಟ ಹಾಗಾಗುತ್ತೇನೋ? ಅದನ್ನೂ ಒಳಗೇ ಹಾಕಿದೆ!"

ಎದುರುಮನೆಗೆ ಓಡಿದೆ. ಬಾಗಿಲಿಗೆ ಬೀಗ! ಫೋನ್ ಮಾಡಿದರೆ ರಾಜಮ್ಮನವರು ಹಗರೆಯಲ್ಲಿ, ಮಗಳ ಮನೆಯಲ್ಲಿ.

"ಗಾಬರಿ ಬೀಳಬೇಡ ಕಣಪ್ಪ, ನಿನ್ ಬ್ಯಾಗು ಭದ್ರವಾಗೈತೆ. ಮನೆ ಬೀಗದ ಕೈ ನನ್ ಸೊಂಟದಲ್ಲೇ ಐತೆ."

ಅಮ್ಮನ ಲೆಕ್ಕದಲ್ಲಿ ನಾನು ಈಗಾಗಲೇ ಆಗುಂಬೆಯ ದಾರಿಯಲ್ಲಿದ್ದೇನೆ. ನಾಳೆ ಬೆಳಿಗ್ಗೆ ಮಾತ್ರ, ಸ್ವಂತ ಕಾರಿನ ಈ ಸಾರಥಿ ಮೊದಲ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ಹಗರೆಗೆ ಹೋಗಿ, ರಾಜಮ್ಮನವರ ಸೊಂಟದ ಬೀಗದ ಕೈ ಬೇಡಿ ತರಲಿದ್ದಾನೆ!