ಉಡಿ ತುಂಬಿಸಿಕೊಳ್ಳದೆ ಬಂದ ಕೂಸು

"ಕೂಸನ್ನ ಹೊಳೆ ದಾಟಿಸಂಗಿಲ್ಲ" ಅಂದಳು ಅವ್ವ. ಅಲ್ಲಿಗೆ ಮಾತು ಮುಗಿಯಿತು.

ದಾಟಬೇಕಾಗಿದ್ದದ್ದು ನನ್ನ ತಂಗಿ ಸುಧಾಳ ಮಗಳು. ಬಾಣಂತನ ನಡೀತಿದ್ದದ್ದು ಹೊನ್ನಾಳಿಯ ನಮ್ಮನೆಯಲ್ಲಿ. ಮಕ್ಕಳ ಡಾಕ್ಟರಮ್ಮ ಇರೋದು ದಾವಣಗೆರೆಯಲ್ಲಿ. ನಡುವೆ ತುಂಗಭದ್ರೆ, ಅದೂ ತುಂಬಿದ ಹೊಳೆ.

ಬಹಳ ವರ್ಷ ಕಾಯಿಸಿದ ಕೂಸು, ಕಡೆಗೆ ಐದು ವಾರ ಮೊದಲೇ ಬಂದುಬಿಟ್ಟಿತು.

ಮದುವೆ ಕಾರ್ಡು ಪ್ರಿಂಟ್ ಹಾಕೋ ಅಂಗಡಿಯವನು ನಾನು, ಪ್ರಾಸ ಬಿಟ್ಟರೆ ಬೇರೆ ಚಟ ಇಲ್ಲ. "ಐದು ವಾರ ಮುಂಚೆ ಬಂದಳು, ಅಪ್ಪನ ಮೂಗನೆ ತಂದಳು" ಅಂತ ಸ್ಟೇಟಸ್ ಹಾಕಿದ್ದೆ. ಸುಧಾಳ ಗಂಡ, ನಮ್ಮ ಭಾವ, ನೋಡಿ ಒಂದು ಮೂಗಿನ ಇಮೋಜಿ ಕಳಿಸಿದ.

ತಮಾಷೆ ನಿಂತದ್ದು ನನ್ನ ಮಗಳು ಸ್ಕೂಲಿನಿಂದ ನೆಗಡಿ ಹೊತ್ತು ತಂದಾಗ.

ಡಾಕ್ಟರಮ್ಮಂಗೆ ಫೋನ್ ಮಾಡಿದೆ. ಈಗ ಆರ್‌ಎಸ್‌ವಿ ಅನ್ನೋ ವೈರಸ್ಸಿನ ಸೀಸನ್ನು, ದೊಡ್ಡವರಿಗೆ ಬರೀ ನೆಗಡಿ, ಇಷ್ಟು ಎಳೇ ಕೂಸಿಗಾದರೆ ಎದೆಗಿಳಿದು ಉಸಿರಿಗೇ ಕಷ್ಟ ಆಗಬಹುದು ಅಂದರು. ಅದನ್ನು ತಡೆಯೋಕೆ ಒಂದು ಇಂಜೆಕ್ಷನ್ ಬಂದಿದೆ, ತಡ ಮಾಡದೆ ಕರ್ಕೊಂಡು ಬನ್ನಿ ಅಂದರು.

ಕೂಸಿನಿಂದ ದೂರ ಇರಲಿ ಅಂತ ಮಗಳನ್ನು ಅಂಗಡಿಗೆ ಸಾಗಿಸಿದೆ. ಸುಧಾ ಮಾತ್ರ ಊಟ ಬಿಟ್ಟು ಕೂಸಿನ ಎದೆ ಏರಿಳಿಯೋದನ್ನೇ ನೋಡುತ್ತಾ ಕೂತಳು...

ಅವ್ವಂಗೆ ಇಂಜೆಕ್ಷನ್ ಮೇಲೆ ಸಿಟ್ಟಿಲ್ಲ. ಗಂಗೆ ಪೂಜೆ ಆಗದೆ ಬಾಣಂತಿ, ಕೂಸು ಹೊಳೆ ದಾಟಬಾರದು, ಅಷ್ಟೇ. ಪೂಜೆಗೆ ಬಿಳಿಚೋಡಿನ ಬೀಗರು, ಸುಧಾಳ ಅತ್ತೆ ಮನೆಯವರು, ಇರಬೇಕು. ಅವರು ಬರೋದು ಮುಂದಿನ ತಿಂಗಳು.

ನಾನು ವೈರಸ್ಸು, ಶ್ವಾಸಕೋಶ ಅಂತ ಶುರು ಮಾಡಿದೆ. "ನೀನು ಓದಿದ್ದು ಬಿ.ಎ. ಅಲ್ಲೇನೋ?" ಅಂದಳು.

ಕಡೆಗೆ ಡಾಕ್ಟರಮ್ಮಂಗೇ ಮತ್ತೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಅವ್ವನ ಮುಂದಿಟ್ಟೆ.

"ಅಜ್ಜಿ, ರೋಗ ತಡೆಯೋ ಶಕ್ತಿನ ತಾಯಿ ಹೊಟ್ಟೆಯಲ್ಲೇ ಮಗುಗೆ ಕೊಡ್ತಾಳೆ. ಹೆಚ್ಚು ಕೊಡೋದು ಕೊನೇ ವಾರಗಳಲ್ಲಿ. ನಿಮ್ಮ ಕೂಸು ಅದಕ್ಕೂ ಮುಂಚೆ ಹೊರಟು ಬಂತು. ಈ ಇಂಜೆಕ್ಷನ್ನಲ್ಲಿ ಇರೋದು ಅಂಥದ್ದೇ, ಆದರೆ ಈ ಒಂದು ವೈರಸ್ಸಿಗೆ ಅಂತಲೇ ರೆಡಿ ಮಾಡಿದ್ದು. ಈ ಸೀಸನ್ ದಾಟಿಸುತ್ತೆ."

ಬೆಳ್ಳುಳ್ಳಿ ಸುಲಿಯುತ್ತಿದ್ದ ಅವ್ವನ ಕೈ ನಿಂತಿತು.

"ಹಂಗಾರೆ ಕೂಸು ಉಡಿ ತುಂಬಿಸ್ಕಳ್ದೇ ತವರು ಬಿಟ್ಟು ಬಂದೈತೆ ಅನ್ರಿ."

ಡಾಕ್ಟರಮ್ಮ ಆ ಕಡೆಯಿಂದ ನಕ್ಕರು. ಆಮೇಲೆ, "ಹೌದ್ರೀ ಅಜ್ಜಿ. ಅದೇ."

ತವರಿಂದ ಹೊರಟ ಹೆಣ್ಣುಮಗಳನ್ನು ಅಕ್ಕಿ, ಕೊಬ್ಬರಿ, ಬೆಲ್ಲ ಸೆರಗಿಗೆ ಹಾಕಿ ಉಡಿ ತುಂಬದೆ ಕಳಿಸಿದವಳಲ್ಲ ನಮ್ಮವ್ವ. ಹೊರಗೆ ಬಸ್ಸು ಎಷ್ಟು ಹಾರ್ನ್ ಹೊಡೆದರೂ ಉಡಿ ಮುಗಿದ ಮೇಲೇ ಹೊಸಿಲು ದಾಟೋದು.

"ಬೀಗರಿಗೆ ಫೋನ್ ಹಚ್ಚೋ. ಪೂಜೆ ನಾಳೆನೇ."

ಭಾವನ ತಾಯಿ ಬಿಡುತ್ತಾರಾ? "ಕೂಸಿಗೂ ಅವಸರ, ಅಜ್ಜಿಗೂ ಅವಸರ! ನಮ್ಮನ್ನ ಬಿಟ್ಟು ಪೂಜೆ ಮಾಡಾಕೆ ಮನಸಾದ್ರೂ ಹೆಂಗೆ ಬರ್ತೈತ್ರೀ?" ಪ್ರಾಸ ನಮ್ಮ ಕಡೆ ಮಾತ್ರ ಅಂದುಕೊಂಡಿದ್ದೆ, ಅಲ್ಲೂ ಐತೆ.

"ಪೂಜೆ ಇನ್ನೊಮ್ಮೆ ಮಾಡನ ಬೀಗ್ತಿ. ನೆಗಡಿ ಕೂಸಿನ ಎದೆಗೆ ಇಳಿದ್ರೆ ಏನ್ ಮಾಡನ?" ಅಂದಳು ಅವ್ವ.

ಬೀಗ್ತಿಯ ದನಿ ಸಣ್ಣಗಾಯಿತು. "ನಮ್ಮ ಪಾಲಿನ ಅರಿಷಿಣ ಕುಂಕುಮನೂ ನೀವೇ ಏರಿಸ್ರಿ. ಮೊದಲು ಹೊರಡ್ರಿ" ಅಂದರು.

ಬೆಳಗ್ಗೆ ಹೊಳೆ ದಂಡೇಲಿ ಪೂಜೆ. ಆಮೇಲೆ ಗೆಳೆಯನ ವ್ಯಾನು, ಓಡಿಸೋನು ನಾನು, ಪಕ್ಕದಲ್ಲಿ ಅವ್ವ. ಸುಧಾಳ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಮಡಿಲಲ್ಲಿ ಕೂಸಿನ ಗಂಟು. ಸೇತುವೆ ಮೇಲೆ ಯಾಕೋ ನಾನೂ ಗಾಡಿ ನಿಧಾನ ಮಾಡಿದೆ.

ದಾವಣಗೆರೆ. ಡಾಕ್ಟರಮ್ಮ ಕೂಸನ್ನು ಪರೀಕ್ಷೆ ಮಾಡಿ, ಸೂಜಿ ಹಾಕೋ ತೊಡೆ ಒರೆಸೋಕೆ ಅಂತ ಬಟ್ಟೆ ಬಿಚ್ಚುತ್ತಾರೆ... ಒಳಗಿಂದ ಟೇಬಲ್ ಮೇಲೆಲ್ಲಾ ಅಕ್ಕಿ ಉದುರುತ್ತೆ. ಜೊತೆಗೆ ಒಂದು ಸಣ್ಣ ಬೆಲ್ಲದಚ್ಚು.

ನರ್ಸು ನನ್ನ ಮುಖ ನೋಡಿದಳು. ನಾನು ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದೆ.

"ಅಜ್ಜಿ, ಇದೇನು?"

"ಅದು ನಮ್ಮ ಉಡಿ ತಾಯಿ. ನಿಮ್ಮದು ನೀವು ಹಾಕ್ರಿ."

ಡಾಕ್ಟರಮ್ಮ ಅಕ್ಕಿ ಗುಡಿಸೋಕೆ ಬಿಡಲಿಲ್ಲ. ಅಂಗೈಲಿ ಬಳಿದು ಸುಧಾಳ ಸೆರಗಿಗೇ ಹಾಕಿ, ಕೈ ತೊಳೆದುಕೊಂಡು ಬಂದು ಸೂಜಿ ಹಾಕಿದರು. ಕೂಸು ಅತ್ತಿತು. ಅದರ ಜೊತೆ ಸುಧಾನೂ ಅತ್ತಳು, ಆಮೇಲೆ ಹೊಟ್ಟೆ ತುಂಬ ಊಟ ಮಾಡಿದಳು.

ಈಗ ಕೂಸಿಗೆ ನಾಲ್ಕು ತಿಂಗಳು. ನಡುವೆ ಒಮ್ಮೆ ನೆಗಡಿ ಬಂತು, ಮೂಗಲ್ಲೇ ಇದ್ದು ಹೋಯ್ತು. ಯಾವ ವೈರಸ್ಸೋ ಗೊತ್ತಿಲ್ಲ. ಇಂಜೆಕ್ಷನ್ನಿನ ಗುಣ ಇರಬೇಕು ಅಂದೆ. ಉಡಿದೂ ಪಾಲೈತೆ ಅಂದಳು ಅವ್ವ. ಬಿ.ಎ. ಓದಿದವನು, ವಾದಕ್ಕೆ ಹೋಗಲಿಲ್ಲ.

ನಿಮ್ಮ ಮನೆಗೂ ಹೀಗೆ ಅವಸರದಲ್ಲಿ ಹೊರಟು ಬಂದ ಕೂಸು ಇದ್ದರೆ... ಈ ಸೂಜಿ ಉಡಿಯ ವಿಷಯ ಡಾಕ್ಟರನ್ನು ಕೇಳಿದಿರಾ?