ಗಂಗವ್ವ ಹೆಣೆದ ಕೈಗವಸು

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ನನಗೆ ವಾರಕ್ಕೆರಡು ಸಲ ಡಯಾಲಿಸಿಸ್ ಶುರುವಾಯಿತು. ನಾನು ಗಜೇಂದ್ರಗಡದಲ್ಲಿ ಇಪ್ಪತ್ತು ವರ್ಷಗಳಿಂದ ಹೊಲಿಗೆ ಅಂಗಡಿ ಇಟ್ಟುಕೊಂಡವನು. ಮುಂಜಾನೆ ಬಸ್ಸಿಗೆ ರೋಣದ ದವಾಖಾನೆಗೆ ಹೋಗಿ, ನಾಲ್ಕು ತಾಸು ಯಂತ್ರದ ಪಕ್ಕ ಮಲಗಿ, ಸಂಜೆ ಮನೆಗೆ ಬರುತ್ತಿದ್ದೆ.

ಸೂಜಿ ಚುಚ್ಚಲು ಅನುಕೂಲವಾಗಲೆಂದು ಎಡಗೈಯ ಮೊಣಕೈ ಹತ್ತಿರ ಆಪರೇಷನ್ ಮಾಡಿ ಎರಡು ರಕ್ತನಾಳ ಜೋಡಿಸಿದ್ದರು. ಅಂದಿನಿಂದ ಆ ಕೈಯ ಬೆರಳುಗಳು ತಣ್ಣಗಾಗಿ ಜೋಮು ಹಿಡಿಯತೊಡಗಿದವು. ಡಾಕ್ಟರು ನೋಡಿ, "ಹೆದರುವಂಥದ್ದೇನಿಲ್ಲ, ಕೈ ಬೆಚ್ಚಗಿಟ್ಟುಕೊಳ್ಳಿ" ಎಂದರು. ಆದರೆ ನನ್ನ ಹೆದರಿಕೆಯೇ ಬೇರೆ. ಸೂಜಿಯ ಕೆಳಗೆ ಬಟ್ಟೆಯನ್ನು ನಡೆಸುವುದು ಎಡಗೈ. ಒಂದು ದಿನ ಅರಿವೇ ಆಗದೆ ಬೆರಳ ತುದಿ ಮಷಿನ್ನಿಗೆ ಸಿಕ್ಕಿ, ಗಿರಾಕಿಯ ಬಿಳಿ ಅಂಗಿಗೆ ರಕ್ತ ಹತ್ತಿತು. ಅಂದು ಅಂಗಡಿಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಪೇಟೆಯಿಂದ ಕೈಗವಸು ತಂದು ನೋಡಿದೆ. ಬೆರಳು ಮುಚ್ಚಿಕೊಂಡು ಹೊಲಿಯುವುದು ಹೇಗೆ?

ನನ್ನ ಪಕ್ಕದ ಹಾಸಿಗೆ ಮುಶಿಗೇರಿಯ ಹನಮಪ್ಪನವರದು. ಅವರ ಹೆಂಡತಿ ಗಂಗವ್ವ ಸ್ಟೂಲಿನ ಮೇಲೆ ಕೂತು ಇಡೀ ಹೊತ್ತು ಉಣ್ಣೆ ಹೆಣೆಯುತ್ತಿದ್ದರು. ಕಡ್ಡಿಗೆ ಕಡ್ಡಿ ತಾಗಿ ಟಿಕ್ ಟಿಕ್ ಎನ್ನುತ್ತಿತ್ತು. ಡಿಸೆಂಬರಿನ ಒಂದು ದಿನ ತಲೆ ಸಿಡಿಯುತ್ತಿತ್ತು, ಬೆರಳುಗಳು ಮಂಜುಗಡ್ಡೆಯಾಗಿದ್ದವು. ನಾನು ರೇಗಿಬಿಟ್ಟೆ.

"ಅಕ್ಕಾರ, ಇದು ದವಾಖಾನಿ ಐತಿ, ನಿಮ್ಮ ಮನಿ ಕಟ್ಟಿ ಅಲ್ಲ! ಆ ಸದ್ದ ಬಂದ್ ಮಾಡ್ರಿ!"

ಎಲ್ಲರೂ ತಿರುಗಿ ನೋಡಿದರು. ಗಂಗವ್ವ ಉಣ್ಣೆಯನ್ನು ಚೀಲಕ್ಕೆ ತುಂಬಿದರು. ನಾನು ಗೋಡೆಯ ಕಡೆ ಮುಖ ಮಾಡಿ ಹಾಗೆಯೇ ನಿದ್ದೆ ಹೋದೆ. ಮುಂದೆ ಎರಡು ವಾರ ಅವರು ವರಾಂಡದಲ್ಲಿ ಕೂತು ಹೆಣೆಯುತ್ತಿದ್ದುದು ಕಿಟಕಿಯಿಂದ ಕಾಣುತ್ತಿತ್ತು. ನಾಚಿಕೆಯಾಗುತ್ತಿತ್ತು. ಒಳಗೆ ಬರ್ರಿ ಎನ್ನಲು ಮಾತ್ರ ಬಾಯಿ ಬರಲಿಲ್ಲ.

ಜನವರಿಯ ಮೊದಲ ವಾರ ಗಂಗವ್ವ ನೇರವಾಗಿ ನನ್ನ ಹಾಸಿಗೆಯ ಬಳಿ ಬಂದರು. "ತಮ್ಮಾ, ಕೈ ಕೊಡು ಇಲ್ಲೆ" ಎಂದು ಕೆಂಪು ಬಿಳಿ ಉಣ್ಣೆಯ ಒಂದು ಜೋಡಿ ಮುಂದಿಟ್ಟರು. ಮಣಿಕಟ್ಟಿನಿಂದ ಬೆರಳ ಬುಡದವರೆಗಷ್ಟೇ ಬರುವ, ಬೆರಳುಗಳನ್ನು ಹೊರಗೆ ಬಿಡುವ ಕೈಗವಸು. ಅಂಗೈ ಹಿಂಬದಿಗೆ ಎಂಟು ಎಸಳಿನ ಹೂವು.

"ಇದು ಯಾ ಕಡೆ ನಮೂನಿರಿ?" ಎಂದೆ, ಬೇರೇನು ಹೇಳಬೇಕೋ ತಿಳಿಯದೆ.

"ಸ್ವೀಡನ್ ಅಂತ ದೇಶ ಐತಂತ, ಭಾಳ ಥಂಡಿ ಅಂತ ಅಲ್ಲೆ. ಪುಣೆದಾಗ ನಾ ಕೆಲಸಕ್ಕಿದ್ದ ಮನಿ ಬಾಯಾರು ಒಂದು ಪುಸ್ತಕದಾಗ ನೋಡಿ ಹೆಣೀತಿದ್ರು. ನನಗೂ ಕಲಿಸಿದ್ರು. ಹೂವು ಅವರದು, ಬಣ್ಣ ನಂದು. ಎರಡು ಎಳಿ ಕೂಡಿಸಿ ಹೆಣೀಬೇಕು. ಒಂದು ಮ್ಯಾಲ ಕಾಣಸ್ತೈತಿ, ಇನ್ನೊಂದು ಒಳಗ ಬೆಚ್ಚಗ ಕುಂದರತೈತಿ."

ನರ್ಸಮ್ಮ ನಗುತ್ತ, "ಎರಡು ಸಲ ಬಿಚ್ಚಿ ಹೆಣೆದಾರ್ರಿ ಇವರು. ಆ ಕೈಗೆ ಬಿಗಿ ಆಗಬಾರದು, ಹೊಲಿಯಾಕ ಬೆರಳು ಹೊರಗ ಇರಬೇಕು ಅಂತ ನಾ ಹೇಳಿದ್ನಿ" ಎಂದರು.

"ಅಳತಿ ಹ್ಯಾಂಗ ಸಿಕ್ತು?" ಎಂದು ಕೇಳಿದೆ.

"ಅವತ್ತ ನೀ ಬೈದು ಮಲಗಿದೆಲ್ಲ, ಆವಾಗ ಉಣ್ಣಿ ಎಳಿ ಸುತ್ತಿ ತಗೊಂಡ್ನಿ. ಕೈ ಮುಟ್ಟಿದ್ರ ಬಾವಿ ನೀರಿನಂಗ ಇತ್ತು. ಹಿಂಗಾಗೇ ಸಿಟ್ಟು ಬಂದೈತಿ ಹುಡುಗಗ ಅನ್ಕೊಂಡ್ನಿ."

"ತಪ್ಪಾತ್ರಿ ಅಕ್ಕಾರ" ಎಂದೆ.

"ಬಿಡಪಾ. ನಮ್ಮನಿಯವರು ದಿನಾ ಬೈತಾರ. ಬೈಲಿಲ್ಲಂದ್ರನ ನನಗ ಅಂಜಿಕಿ." ಪಕ್ಕದ ಹಾಸಿಗೆಯಲ್ಲಿ ಹನಮಪ್ಪ ಕಣ್ಣು ಮುಚ್ಚಿಕೊಂಡೇ ನಕ್ಕರು.

ಮರುದಿನ ಎರಡೂ ಕೈಗೆ ಅದನ್ನು ಹಾಕಿಕೊಂಡು ಮಷಿನ್ನಿನ ಮುಂದೆ ಕೂತೆ. ಸ್ವಲ್ಪ ಹೊತ್ತಿಗೆ ಎಡಗೈಯಲ್ಲಿ ಬಿಸಿ ಹರಡಿತು. ಜೋಮು ಪೂರ್ತಿ ಹೋಗಲಿಲ್ಲ. ಆದರೂ ಬಟ್ಟೆಯ ಮಡಿಕೆ ಎಲ್ಲಿದೆ ಎಂಬುದು ಬೆರಳಿಗೆ ತಿಳಿಯಿತು. ಆ ದಿನ ಒಂದು ಪೈಜಾಮ ಹೊಲಿದು ಮುಗಿಸಿದೆ. ನನ್ನ ಹೆಂಡತಿ ಅದರ ಹೊಲಿಗೆಯ ಮೇಲೆ ಕೈಯಾಡಿಸಿ, "ನೆಟ್ಟಗ ಬಂದೈತ್ರಿ" ಎಂದಾಗ ಅವಳ ಕಣ್ಣಲ್ಲೂ ನೀರಿತ್ತು.

ಈಗಲೂ ವಾರಕ್ಕೆರಡು ಸಲ ನಾವು ರೋಣದಲ್ಲಿ ಸೇರುತ್ತೇವೆ. ಗಂಗವ್ವನ ಸ್ಟೂಲು ನಮ್ಮಿಬ್ಬರ ಹಾಸಿಗೆಗಳ ನಡುವೆ ಇರುತ್ತದೆ. ನಾನು ಎಷ್ಟೋ ಸಾವಿರ ಜನರ ಅಳತೆ ತೆಗೆದವನು. ಬೈಸಿಕೊಂಡ ಹೊತ್ತಿನಲ್ಲೇ, ಬೈದವನ ಕೈಯನ್ನು ಎಚ್ಚರಾಗದಂತೆ ಮೆಲ್ಲಗೆ ಎತ್ತಿಕೊಂಡು ಅಳತೆ ತೆಗೆಯುವುದು ನನ್ನಿಂದ ಆಗುತ್ತಿತ್ತೇ? ಪ್ರತಿ ಮುಂಜಾನೆ ಕೈಗವಸು ತೊಡುವಾಗ ಇದನ್ನು ಕೇಳಿಕೊಳ್ಳುತ್ತೇನೆ. ಹೌದು ಎನ್ನುವ ಧೈರ್ಯ ಇನ್ನೂ ಬಂದಿಲ್ಲ.