ಭಾವನ ಬಲಗಾಲು

...ಅಥವಾ ಎಡಗಾಲೇ ಇರಬಹುದು. ಗೋವಾದ ಪೋಕರ್ ಮೇಜಿನ ಕೆಳಗೆ ಭಾವ ಮುಟ್ಟಿಕೊಂಡದ್ದು ಬಲಗಾಲನ್ನು. ಅದರಲ್ಲಿ ಅನುಮಾನವಿಲ್ಲ, ವಿಡಿಯೊ ಈಗಲೂ ಇಂಟರ್‌ನೆಟ್ಟಿನಲ್ಲಿದೆ, ಬಲ ಭುಜ ಇಳಿಯುವುದು ಕಾಣುತ್ತದೆ. ನನ್ನ ಅನುಮಾನವೆಲ್ಲ ಇಪ್ಪತ್ತೆರಡು ವರ್ಷ ಹಿಂದಿನದು. ವಸ್ತಾರೆಯ ನಮ್ಮ ಮನೆಗೆ ಅಕ್ಕನನ್ನು ನೋಡಲು ಬಂದ ದಿನ ಅವರು ಬಗ್ಗಿ ಮುಟ್ಟಿಕೊಂಡ ಕಾಲಿನದು. ಮುಟ್ಟಿಕೊಂಡಿದ್ದರೆ. ಆ ದಿನದ ವಿಡಿಯೊ ಇಲ್ಲ. ಅಲ್ಲಿ ನಾನಿದ್ದೆ, ಅಷ್ಟೆ.

ಮೊದಲು ಗೋವಾ. ಅಲ್ಲಿಯದಾದರೂ ಪರೀಕ್ಷಿಸಿ ನೋಡಬಹುದು.

ಭಾವನ ತೋಟ ಇರುವುದು ಬಣಕಲ್ ಹತ್ತಿರ. ಕ್ಲಬ್ಬಿನಲ್ಲಿ ರಮ್ಮಿ ಆಡಿ ಆಡಿ ಬೇಜಾರಾಗಿ ಪೋಕರ್ ಕಲಿತರು. ವರ್ಷಕ್ಕೊಮ್ಮೆ ಗೋವಾದ ಹೋಟೆಲೊಂದರಲ್ಲಿ ವಾರಗಟ್ಟಲೆ ನಡೆಯುವ ಪಂದ್ಯಗಳಿಗೆ ಹೋಗುವರು. ಅದನ್ನೇ ಕಸುಬು ಮಾಡಿಕೊಂಡ ದೆಹಲಿ, ಮುಂಬಯಿಯವರ ನಡುವೆ ಕೂತು ಎರಡನೇ ದಿನಕ್ಕೆ ಸೋಲುವರು. ಗೋಡಂಬಿ ಪೊಟ್ಟಣ ಹಿಡಿದು ವಾಪಸಾಗುವರು. ಕಳೆದ ಜನವರಿಯಲ್ಲಿ ಮಾತ್ರ ಅವರು ಸೋಲಲಿಲ್ಲ. ನೂರಾರು ಜನ ಕೂತ ಅತಿ ದೊಡ್ಡ ಪಂದ್ಯದಲ್ಲಿ ಕೊನೆಗೆ ಎಂಟು ಜನ ಉಳಿದರು. ಎಂಟರಲ್ಲಿ ಭಾವ ಒಬ್ಬರು.

ಹಾಗಾಗಿ ಒಂದು ಮಧ್ಯಾಹ್ನ ನಾವು ನಾಲ್ವರು ಅಕ್ಕನ ಮನೆಯ ಟಿವಿ ಮುಂದೆ ಕೂತೆವು: ಅಕ್ಕ, ಅವಳ ಅತ್ತೆ, ತೋಟದ ಲೆಕ್ಕ ಬರೆದು ಆಳುಗಳನ್ನು ನೋಡಿಕೊಳ್ಳುವ ರೈಟರು, ನಾನು. ರೈಟರು ಕಣದಲ್ಲಿ ಒಣಹಾಕಿದ ಕಾಫಿಯನ್ನು ಆಳುಗಳಿಂದ ಕೆದಕಿಸಬೇಕಿತ್ತು. ಹತ್ತು ನಿಮಿಷಕ್ಕೊಮ್ಮೆ ಬಾಗಿಲಿಗೆ ಹೋಗಿ "ಕೆದಕ್ರೋ!" ಎಂದು ಕೂಗಿ ಬಂದು ಕೂರುತ್ತಿದ್ದರು.

"ಗೆದ್ರೆ ಐದು ವರ್ಷದ ಕ್ರಾಪು ಅಮ್ಮಾ, ಒಂದೇ ಏಟಿಗೆ" ಎಂದರು.

"ಸುಮ್ನಿರಿ ರೈಟ್ರೆ, ದೃಷ್ಟಿ ಆಗುತ್ತೆ" ಎಂದಳು ಅಕ್ಕ.

ಅತ್ತೆಯವರಿಗೆ ಕಿವಿ ಮಂದ. ಮೇಜಿನ ಸುತ್ತ ಮುಖ ಗಂಟಿಕ್ಕಿ ಕೂತ ಗಂಡಸರನ್ನೂ ಒಬ್ಬ ಹೆಂಗಸನ್ನೂ ನೋಡಿ, "ಯಾರ ಮನೆ ಪಂಚಾಯ್ತಿ ಇದು?" ಎಂದು ಕೇಳಿದರು.

ಆಟ ಇಷ್ಟೇ: ಪ್ರತಿಯೊಬ್ಬನಿಗೂ ಎರಡು ಎಲೆ, ಅವನಿಗೆ ಮಾತ್ರ ಕಾಣುವಂಥವು. ನಡುವೆ ಎಲ್ಲರಿಗೂ ಸೇರಿದ ಎಲೆಗಳು. ಕೈಯಲ್ಲಿ ಏನೂ ಇಲ್ಲದಿದ್ದರೂ ಪಣದ ಬಿಲ್ಲೆಗಳ ರಾಶಿ ಮುಂದೆ ತಳ್ಳಿ ಎದುರಾಳಿಯನ್ನು ಹೆದರಿಸಿ ಓಡಿಸಬಹುದು. ಇಂಗ್ಲಿಷಿನಲ್ಲಿ ಅದಕ್ಕೊಂದು ಹೆಸರಿದೆ, ನಮ್ಮಲ್ಲಿ ಬುರುಡೆ ಬಿಡುವುದು ಎನ್ನುತ್ತೇವೆ. ಟಿವಿ ನೋಡುವವರಿಗೆ ಮಾತ್ರ ಎಲ್ಲರ ಎಲೆಯೂ ಕಾಣುತ್ತದೆ. ಆ ಕಾರಣಕ್ಕೇ ಪ್ರಸಾರ ಅರ್ಧ ಗಂಟೆ ತಡ. ಇಲ್ಲದಿದ್ದರೆ ಹೊರಗಿನವರು ಒಳಗೆ ಸುದ್ದಿ ಮುಟ್ಟಿಸುತ್ತಾರೆ. ಅಂದರೆ ನಾವು ನೋಡುತ್ತಿದ್ದ ಭಾವ ಅರ್ಧ ಗಂಟೆ ಹಳೆಯ ಭಾವ.

ಮೊದಲ ಸಲ ಅವರ ಬಲ ಭುಜ ಕೆಳಗಿಳಿದು ಕೈ ಮೇಜಿನಡಿ ಹೋದಾಗ ನಾವ್ಯಾರೂ ಗಮನಿಸಲಿಲ್ಲ. ಗಮನಿಸುವುದು ಸಾಧ್ಯವೇ ಇರಲಿಲ್ಲ. ತೋಟದಲ್ಲಿ ನಡೆದಾಡುವ ಯಾರೇ ಆಗಲಿ ಕಾಲಿಗೆ ಇಂಬಳ ಹತ್ತಿ ರಕ್ತ ಕುಡಿಯುತ್ತಿದೆಯೇ ಎಂದು ದಿನಕ್ಕೆ ನೂರು ಸಲ ಬಗ್ಗಿ ಕಾಲ್ಚೀಲದ ಅಂಚು ಸವರಿಕೊಳ್ಳುತ್ತಾನೆ. ನಮಗೆ ಅದು ಕಣ್ಣು ಮಿಟುಕಿಸಿದ ಹಾಗೆ. ಆಕಳಿಕೆಯಂತೆ ಅಂಟುತ್ತದೆ ಕೂಡ: ಭಾವ ಬಗ್ಗಿದ ಕೂಡಲೇ ರೈಟರೂ ಬಗ್ಗಿ ಕಾಲು ಮುಟ್ಟಿಕೊಂಡರು, ನಾನೂ.

ಮೂರನೇ ಸಲಕ್ಕೆ ಅಕ್ಕ ನೆಟ್ಟಗೆ ಕೂತಳು.

"ಎ.ಸಿ. ಹಾಲಲ್ಲಿ ಎಂತ ಇಂಬಳ ಮಾರಾಯ?"

"ಅಭ್ಯಾಸ" ಎಂದೆ.

"ಹಾಗಾದ್ರೆ ಒಳ್ಳೆ ಎಲೆ ಬಂದಾಗ ಯಾಕೆ ಮುಟ್ಕೊಳ್ಳಲ್ಲ?"

ಅಲ್ಲಿಂದ ಮುಂದೆ ಅವಳು ಎಲೆ ನೋಡುವುದನ್ನೇ ಬಿಟ್ಟಳು. ಕಣ್ಣು ಗಂಡನ ಭುಜದ ಮೇಲೆ. "ಬುರುಡೆ" ಎನ್ನುವಳು, ರೈಟರು ಎಲೆ ನೋಡಿ "ಹೌದು ಅಮ್ಮಾ, ಬುರುಡೆ" ಎನ್ನುವರು. "ಈಗ ನಿಜ." "ಹೌದು, ಎರಡು ರಾಣಿ!" ಒಂದೇ ಒಂದು ಸಲವೂ ತಪ್ಪಲಿಲ್ಲ ಎಂದು ಬರೆಯಬೇಕೆನಿಸುತ್ತದೆ. ವಿಡಿಯೊದಲ್ಲಿ ಎಣಿಸಿದೆ, ಒಮ್ಮೆ ಒಳ್ಳೆ ಎಲೆಗೂ ಭುಜ ಇಳಿದಿದೆ, ಅಂದರೆ ಒಮ್ಮೆ ತಪ್ಪಿದ್ದಾಳೆ. ಅದು ನಮ್ಮಲ್ಲಿ ಯಾರಿಗೂ ನೆನಪಿಲ್ಲ.

ಅತ್ತೆಯವರು ಮಾತ್ರ ಮರುಗಿದರು. "ಪಾಪ, ಇಂಬಳ ಹತ್ತಿರ್ಬೇಕು. ಸುಣ್ಣ ಹಚ್ಚಕ್ಕೆ ಹೇಳೇ."

ಆಗಲೇ ಅಕ್ಕನ ಫೋನ್ ಹೊಡೆದುಕೊಂಡಿತು. ಆಟಕ್ಕೆ ಇಪ್ಪತ್ತು ನಿಮಿಷ ಬಿಡುವಂತೆ. ಮೇಜಿನ ಬಳಿ ಫೋನ್ ಮುಟ್ಟುವಂತಿಲ್ಲವಾದ್ದರಿಂದ ಭಾವ ಹೊರಗೆ ಬಂದು ಮಾಡಿದ್ದರು. ಟಿವಿಯೊಳಗಿನ ಭಾವ ತುಟಿ ಬಿಗಿದು ಕೂತಿದ್ದರು, ಫೋನಿನೊಳಗಿನ ಭಾವ ಮಾತಾಡುತ್ತಿದ್ದರು.

"ಐದು ಜನ ಉಳಿದಿದೀವಿ ಕಣೇ! ಹೆಂಗೆ ಕಾಣ್ತಿದೀನಿ?"

"ಚೆನ್ನಾಗಿ ಕಾಣ್ತಿದೀರಿ. ಊಟ ಮಾಡಿದ್ರಾ?"

"ಅನ್ನ ಮೊಸರು, ಅಷ್ಟೆ."

ಅಕ್ಕ ನನ್ನ ಕಡೆ ತಿರುಗಿ ಕೈಯಾಡಿಸಿದಳು: ನಿಜವೋ ಬುರುಡೆಯೋ, ಫೋನಿನಲ್ಲಿ ಕಾಲು ಕಾಣುವುದಿಲ್ಲ.

ರೈಟರು ಕೂತಲ್ಲೇ ಒದ್ದಾಡುತ್ತಿದ್ದರು. "ಹೇಳಿ ಅಮ್ಮಾ, ಕಾಲು ಮುಟ್ಕೋಬೇಡಿ ಅಂತ ಹೇಳಿ! ಬಿಡುವಲ್ಲಿ ಹೇಳ್ಬಹುದು, ರೂಲ್ಸಲ್ಲಿ ಏನೂ ಅಡ್ಡಿಯಿಲ್ಲ!"

"ಯಾರದು, ರೈಟ್ರಾ? ಏನಂತೆ?" ಭಾವ ಕೇಳಿದರು.

"ಕಣದಲ್ಲಿ ಕಾಫಿ ಒಣಗ್ತಿದೆಯಂತೆ. ನೀವು ಆಡಿ" ಎಂದು ಫೋನಿಟ್ಟಳು.

ರೈಟರು ತಲೆ ಮೇಲೆ ಕೈ ಹೊತ್ತರು. ಅಕ್ಕ ಅವರಿಗೆ ಸಮಾಧಾನ ಹೇಳುವಂತೆ ಹೇಳಿದಳು: "ಹೇಳಿದ್ರೆ ಬಿಟ್ಬಿಡ್ತಾರೆ ರೈಟ್ರೆ. ಗೆದ್ದ ದುಡ್ಡು ಯಾವತ್ತೋ ಖರ್ಚಾಗುತ್ತೆ. ಇದು ನಂಗೆ ಇಪ್ಪತ್ತೆರಡು ವರ್ಷಕ್ಕೆ ಈಗ ಸಿಕ್ಕಿದೆ."

ಆಮೇಲೆ ನನ್ನ ಕಡೆ ತಿರುಗಿದಳು. ತಿರುಗುವಳೆಂದು ನನಗೆ ಗೊತ್ತಿತ್ತು ಎಂದರೆ ಸುಳ್ಳಾಗುತ್ತದೆ.

"ನನ್ನ ನೋಡಕ್ಕೆ ಬಂದಾಗ ನೀನು ಎದುರಿಗೇ ಕೂತಿದ್ದೆಯಲ್ಲ. 'ನಂಗೆ ಒಪ್ಪಿಗೆ' ಅಂದಾಗ ಕಾಲು ಮುಟ್ಕೊಂಡ್ರಾ?"

ಇದಕ್ಕೆ ಸ್ವಲ್ಪ ವಿವರಣೆ ಬೇಕು. ನಮ್ಮ ಕಡೆ ಹೆಣ್ಣು ನೋಡಿದವರು ಊರಿಗೆ ಹೋಗಿ, ನಾಲ್ಕು ದಿನ ಬಿಟ್ಟು, ಮೂರನೆಯವರ ಮೂಲಕ ಹೇಳಿ ಕಳಿಸುತ್ತಾರೆ. ಭಾವ ಹಾಗೆ ಮಾಡಲಿಲ್ಲ. ಕಾಫಿ ಲೋಟ ಖಾಲಿಯಾಗುವ ಮೊದಲೇ ಹಿರಿಯರ ಮುಂದೆ ಬಾಯಿಬಿಟ್ಟು ಒಪ್ಪಿದರು. ಇದು ನಮ್ಮ ಮನೆಯ ದೊಡ್ಡ ಕಥೆ. ಅಕ್ಕ ಅಡುಗೆಮನೆ ಬಾಗಿಲ ಹಿಂದೆ ನಿಂತು ಕೇಳಿದ್ದಳು, ನೋಡಿರಲಿಲ್ಲ. ಎಷ್ಟೋ ಜಗಳಗಳನ್ನು ಅವಳು ಆ ಒಂದು ಮಾತಿನ ಮೇಲೆ ಮುಗಿಸಿದ್ದಾಳೆ. ಹತ್ತನೇ ಕ್ಲಾಸಿನಲ್ಲಿದ್ದ ನನ್ನನ್ನು "ಹುಡುಗನ ಮೇಲೆ ಕಣ್ಣಿಟ್ಟಿರು" ಎಂದು ಎದುರು ಬೆಂಚಿಗೆ ಕೂರಿಸಿದ್ದು ಅಮ್ಮ.

ಕಣ್ಣಿಟ್ಟಿದ್ದೆ. ಏನು ಕಂಡೆ? ಭಾವ ಬಗ್ಗಿದ್ದು ನೆನಪಿದೆ. ಆದರೆ ಜಗಲಿಯಲ್ಲಿ ಟೀಪಾಯಿ ಇರಲಿಲ್ಲ, ಲೋಟ ನೆಲದ ಮೇಲಿಡಲು ಬಗ್ಗಿರಬಹುದು. ಇಂಬಳವೇ ಹತ್ತಿರಬಹುದು, ಮಳೆಗಾಲವಾಗಿದ್ದರೆ. ಮೂಲೆಯಲ್ಲಿ ನೀರು ಸೋರುತ್ತಿದ್ದ ಕೊಡೆ ನೆನಪಿದೆ. ಆದರೆ ಅಕ್ಕನನ್ನು ನೋಡಲು ಮೂರು ಕಡೆಯವರು ಬಂದಿದ್ದರು, ಕೊಡೆ ಬೇರೆಯವರದ್ದಿರಬಹುದು. ಈ ಪುಟವನ್ನು ಮೊದಲು ಬರೆದಾಗ ಜೋರು ಮಳೆ ಸುರಿಸಿದ್ದೆ. ಮಳೆ ಸುರಿಸಿದರೆ ಭಾವ ಪಾರಾಗುತ್ತಾರೆ. ಆಮೇಲೆ ಹೊಡೆದು ಹಾಕಿದೆ.

"ಇಲ್ಲಪ್ಪ, ಕೈ ಕಟ್ಕೊಂಡು ಕೂತಿದ್ರು" ಎಂದೆ, ಬೇಕಾದ್ದಕ್ಕಿಂತ ಬೇಗ.

ಅಕ್ಕ ನನ್ನ ಮುಖ ನೋಡಲಿಲ್ಲ. ನನ್ನ ಕಾಲು ನೋಡಿದಳು. ನಾನು ಎರಡೂ ಕಾಲನ್ನು ಮೇಲೆಳೆದು ಚಕ್ಕಳಮಕ್ಕಳ ಹಾಕಿದೆ.

ಟಿವಿಯಲ್ಲೂ ಆ ಬಿಡುವು ಬಂದು ಹೋಗಿ, ಕೊನೆಗೆ ನಾಲ್ಕೇ ಜನ ಉಳಿದರು. ಭಾವನ ಕೈಯಲ್ಲಿ ಒಂದು ಏಳು, ಒಂದು ಎರಡು. ಇದಕ್ಕಿಂತ ದರಿದ್ರ ಎಲೆ ಇಲ್ಲವಂತೆ. ಭಾವ ತಮ್ಮ ಇಡೀ ರಾಶಿಯನ್ನು ಎರಡೂ ಕೈಯಲ್ಲಿ ತಬ್ಬಿ ಮುಂದೆ ತಳ್ಳಿದರು. ಎದುರಿಗಿದ್ದವಳು ಆ ಹೆಂಗಸು, ಟೋಪಿ ಹಾಕಿಕೊಂಡು ಇಡೀ ಮಧ್ಯಾಹ್ನ ಒಂದು ಮಾತೂ ಆಡದವಳು.

ಆಗ ಅಕ್ಕನ ಫೋನ್ ಮತ್ತೆ ಹೊಡೆದುಕೊಂಡಿತು. ಭಾವನದು.

ಮೇಜಿನಲ್ಲಿರುವವರು ಫೋನ್ ಮಾಡುವಂತಿಲ್ಲ. ಮಾಡಿದ್ದಾರೆ ಎಂದರೆ ಮೇಜಿನಲ್ಲಿಲ್ಲ. ನಮಗೆಲ್ಲ ಅರ್ಥವಾಯಿತು.

"ಎತ್ಬೇಡಿ ಅಮ್ಮಾ!" ರೈಟರು ಕೂಗಿದರು. "ಎತ್ತಿದ್ರೆ ಸೋಲ್ತಾರೆ!"

ಅಕ್ಕ ಎತ್ತಲಿಲ್ಲ. ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಟಿವಿಯಲ್ಲಿ ಬಲ ಭುಜ ಇಳಿಯಿತು. ಟೋಪಿಯ ಹೆಂಗಸು ಅವರನ್ನೇ ನೋಡಿದಳು, ನಿಧಾನಕ್ಕೆ ಕುರ್ಚಿ ಹಿಂದೆ ಸರಿಸಿ, ಬಗ್ಗಿ, ಮೇಜಿನ ಕೆಳಗೆ ಇಣುಕಿದಳು. ಎದ್ದು ಕೂತು, ಹೆದರಿ ಓಡದೆ ತನ್ನ ಬಿಲ್ಲೆಗಳನ್ನೂ ಮುಂದಿಟ್ಟಳು. ಅಲ್ಲಿಗೆ ಭಾವನ ಆಟ ಮುಗಿಯಿತು.

"ಅಯ್ಯೋ, ಈ ಮುಂಡೇದಕ್ಕೂ ಗೊತ್ತಾಗಿದೆ!" ಎಂದಳು ಅಕ್ಕ. ಗಂಡ ಸೋತದ್ದಕ್ಕಿಂತ ಬೇರೊಬ್ಬಳಿಗೆ ತಿಳಿದದ್ದೇ ಅವಳಿಗೆ ಹೆಚ್ಚು ಉರಿದಂತೆ ಕಂಡಿತು.

ಫೋನೂ ಸೋಲೂ ಹೀಗೆ ಒಂದೇ ಕ್ಷಣದಲ್ಲಿ ಕೂಡಿ ಬಂದವೇ? ನಂಬಬೇಡಿ. ಫೋನ್ ಹತ್ತು ನಿಮಿಷ ಮೊದಲೇ ಬಂದಿರಬಹುದು, ನಾವು ಹತ್ತು ನಿಮಿಷ ಉಸಿರು ಹಿಡಿದು ಕೂತಿರಬಹುದು. ರೈಟರು ಕೂಗಿದ್ದಂತೂ ನಿಜ. ಕಣದಲ್ಲಿದ್ದವರು ತಮಗೇ ಕೂಗಿದ್ದೆಂದು ಕಾಫಿ ಕೆದಕಲು ಶುರುಮಾಡಿದ್ದರು.

ನಾಲ್ಕನೇ ಸ್ಥಾನವೂ ಸಣ್ಣದೇನಲ್ಲ. ಭಾವ ಎರಡು ದಿನ ಬಿಟ್ಟು, ಈ ಸಲ ದೊಡ್ಡ ಗೋಡಂಬಿ ಪೊಟ್ಟಣ ಹಿಡಿದು, ನಗುತ್ತಲೇ ಬಂದರು.

"ಆ ಹೆಂಗ್ಸಿಗೆ ಹೆಂಗೆ ಗೊತ್ತಾಯ್ತೋ ಮಾರಾಯ" ಎಂದು ನನ್ನನ್ನು ಕೇಳಿದರು. "ಮುಖದಲ್ಲಿ ಏನೂ ತೋರಿಸಿಲ್ಲ ನಾನು."

"ಮುಖದಲ್ಲಿ ಏನೂ ಇರ್ಲಿಲ್ಲ ಭಾವ" ಎಂದೆ. ಇದು ನಿಜ.

ಸಂಜೆ ಇಬ್ಬನಿ ಬೀಳುವ ಮುಂಚೆ ಕಣದ ಕಾಫಿ ಮುಚ್ಚಬೇಕು. ಆಳುಗಳು ಹೋಗಿಯಾಗಿತ್ತು. ಭಾವ ಟಾರ್ಪಾಲಿನ ಎರಡು ಮೂಲೆ ಹಿಡಿದರು, ಅಕ್ಕ ಆ ಕಡೆಯ ಎರಡು ಮೂಲೆ ಹಿಡಿದಳು. ನಾನು ಅಂಚಿಗಿಡಲು ಕಲ್ಲು ಹೊತ್ತು ತರುತ್ತಿದ್ದೆ. ಗಾಳಿಗೆ ಟಾರ್ಪಾಲು ಹೊಟ್ಟೆ ಉಬ್ಬಿಸಿ ಎಳೆಯುತ್ತಿತ್ತು. ಆಗ ಅಕ್ಕ ಕೂಗಿ ಕೇಳಿದಳು:

"ಅವತ್ತು ನೀವು ನಿಜವಾಗ್ಲೂ ಒಪ್ಪಿದ್ರಾ, ಬುರುಡೆ ಬಿಟ್ರಾ?"

"ಯಾವತ್ತು?"

"ನನ್ನ ನೋಡಕ್ಕೆ ಬಂದಾಗ."

"ಒಪ್ದೇ ಇದ್ರೆ ನಿಮ್ಮಪ್ಪ ಬಿಡ್ತಿದ್ರಾ ಮಾರಾಯ್ತಿ? ಒಪ್ಪಿದ್ದೆ. ಎಳಿ, ಎಳಿ ಆ ಕಡೆ, ಹಾರಿಹೋಗುತ್ತೆ!"

ಅಕ್ಕ ನಕ್ಕು ಎಳೆದಳು. ಭಾವನ ಎರಡೂ ಕೈಯಲ್ಲಿ ಟಾರ್ಪಾಲಿತ್ತು, ಬಿಟ್ಟು ಬಗ್ಗುವಂತಿರಲಿಲ್ಲ. ಅವಳು ಅದನ್ನು ನೋಡಿಯೇ ಆ ಹೊತ್ತಿಗೆ ಕೇಳಿದಳೋ, ಸುಮ್ಮನೆ ಬಾಯಿಗೆ ಬಂತೋ ನನಗೆ ಗೊತ್ತಿಲ್ಲ. ವಸ್ತಾರೆಯಲ್ಲಿ ಆ ದಿನ ಮಳೆ ಬಂದಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ.